ಬಿಟ್ಟ ಸ್ವರಗಳು

ಮೂಳೆಗಿರಣಿ ಎಂಬ ಬ್ಯಾಂಡು ಹನ್ನೊಂದು ವರ್ಷ ಹಿಂದೆ ತಿರುಗಿ ನೋಡದೆ ಓಡಿತು. ಅದು ನುಡಿಸುತ್ತಿದ್ದುದು ಟೆಕ್ನಿಕಲ್ ಡೆತ್ ಮೆಟಲ್. ಕೇಳದವರಿಗೆ ಹೇಗೆ ಹೇಳುವುದು? ಗಿಟಾರು ಒಂದು ಸೆಕೆಂಡಿಗೆ ಹದಿನೇಳು ಸ್ವರ ಕಕ್ಕಬೇಕು, ಡ್ರಮ್ಮು ಅಷ್ಟಕ್ಕೂ ಒಂದೊಂದು ಏಟು ಕೊಡಬೇಕು, ಹಾಡುವವರು ಹೊಟ್ಟೆಯ ತಳದಿಂದ ಗುರುಗುಟ್ಟಬೇಕು, ಇದೆಲ್ಲ ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ ನಡೆಯಬೇಕು. ಮೊದಲ ಸಲ ಕೇಳಿದವರು ಮಿಕ್ಸಿಯೊಳಗೆ ಚಮಚ ಬಿದ್ದಿದೆ ಅಂದುಕೊಳ್ಳುತ್ತಾರೆ. ಎರಡನೆಯ ಸಲವೂ ಕೇಳುವಷ್ಟು ತಾಳ್ಮೆಯಿದ್ದವರಲ್ಲಿ ನೂರಕ್ಕೊಬ್ಬರು ಅದಕ್ಕೆ ಮರುಳಾಗಿಬಿಡುತ್ತಾರೆ, ಮತ್ತೆ ಅವರನ್ನು ಯಾರೂ ಬಿಡಿಸಲಾರರು. ಹಾಗೆ ಮರುಳಾದವರೆಲ್ಲ ಸೇರಿ ಒಂದು ಸಣ್ಣ ಹಾಲ್ ತುಂಬುವಷ್ಟಿದ್ದರು. ಬ್ಯಾಂಡಿಗೆ ಅಷ್ಟು ಸಾಕಿತ್ತು.

ಬ್ಯಾಂಡಿನಲ್ಲಿ ನಾಲ್ಕು ಜನ. ಗಿಟಾರು ಬೇಸಿನವನ ಭಾವನದು, ಹಾಡು ಕಟ್ಟುವವನೂ ಅವನೇ. ಹೊಟ್ಟೆಪಾಡಿಗೆ ಲಿಫ್ಟ್ ರಿಪೇರಿ. ಗುರುಗುಟ್ಟುವವರು ಒಬ್ಬ ಪ್ರೈಮರಿ ಶಾಲೆಯ ಮೇಷ್ಟ್ರು. ವಾರವೆಲ್ಲ ಮಕ್ಕಳಿಂದ ಮಗ್ಗಿ ಹೇಳಿಸಿ ಭಾನುವಾರ ನರಕದ ಬಾಗಿಲು ತೆಗೆಯುತ್ತಿದ್ದರು. ಡ್ರಮ್ಮಿಗೆ ಬೇಕರಿಯಲ್ಲಿ ಹಿಟ್ಟು ನಾದುವ ಒಬ್ಬ ಕುಳ್ಳಿ. ಅವಳನ್ನು ಎಲ್ಲರೂ ಭೂಕಂಪ ಅಂತಲೇ ಕರೆಯುವುದು. ಇನ್ನು ಬೇಸ್ ಅನ್ನುವ ದಪ್ಪ ದನಿಯ ಗಿಟಾರು ನುಡಿಸುವವನು ಭಾವನ ಹೆಂಡತಿಯ ತಮ್ಮ. ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ. ಅಭಿಮಾನಿಗಳು ಅವನಿಗಿಟ್ಟ ಹೆಸರು ಸೈಲೆಂಟು. ಮಾತು ಕಡಿಮೆ ಅಂತಲ್ಲ, ಮಾತಿಗೆ ಕೂತರೆ ಅವನನ್ನು ಎಬ್ಬಿಸುವುದೇ ಕಷ್ಟ. ಅವನು ನುಡಿಸುವುದು ಯಾರ ಕಿವಿಗೂ ಬೀಳುತ್ತಿರಲಿಲ್ಲ, ಅದಕ್ಕೆ ಆ ಹೆಸರು. ಮೇಲಿನ ಸದ್ದನ್ನೆಲ್ಲ ಗಿಟಾರು ನುಂಗುತ್ತಿತ್ತು, ಕೆಳಗಿನದನ್ನು ದೊಡ್ಡ ಡ್ರಮ್ಮಿನ ಪೆಡಲು ತುಳಿಯುವ ಭೂಕಂಪಳ ಎರಡು ಕಾಲು ನುಂಗುತ್ತಿದ್ದವು. ಮೊದಲ ಆಲ್ಬಮ್ ರೆಕಾರ್ಡ್ ಮಾಡಿದ ಇಂಜಿನಿಯರ್ ಅವನ ಮುಖಕ್ಕೇ ಹೇಳಿದ್ದ: "ಬೇಸ್ ಇದೆ ಅಂತ ಗೊತ್ತಾದ್ರೆ ಸಾಕಪ್ಪಾ. ಕೇಳ್ಲೇಬೇಕು ಅಂತೇನಿಲ್ಲ."

ಸೈಲೆಂಟು ಆ ಮಾತಿಗೆ ಮನಸ್ಸಿನಲ್ಲೇ ಕೈ ಮುಗಿದಿದ್ದ. ಅದರ ಗುಟ್ಟು ಆಮೇಲೆ ಹೇಳುತ್ತೇನೆ.

ಪ್ರಾಕ್ಟೀಸು ನಡೆಯುತ್ತಿದ್ದುದು ಹಾಸಿಗೆ ಗೋಡೌನಿನ ಮಹಡಿಯ ಮೇಲೆ. ಗೋಡೆಗೆಲ್ಲ ಮಾರಾಟವಾಗದ ಹಾಸಿಗೆ ಒರಗಿಸಿದ್ದರಿಂದ ಎಷ್ಟು ಗದ್ದಲ ಮಾಡಿದರೂ ಹೊರಗೆ ಹೋಗುತ್ತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಭಾವ ಗಿಟಾರನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಲ್ಯಾಪ್‌ಟಾಪಿಗೆ ದೊಡ್ಡ ಸ್ಪೀಕರು ಸಿಕ್ಕಿಸಿ, "ಇದು ಯಾವ ಹಾಡು ಹೇಳಿ ನೋಡೋಣ" ಎಂದ.

ಒಂದು ಒಂಟಿ ವಾದ್ಯ ಶುರುವಾಯಿತು. ದಪ್ಪ ದನಿ. ನಾಲ್ಕು ಸ್ವರ ದಡಬಡ ಬಂದು ನಿಂತವು. ಮತ್ತೆ ಎರಡು. ಒಂದು ಸಣ್ಣ ಖಾಲಿ. ಆಮೇಲೆ ಯಾರೂ ನಿರೀಕ್ಷಿಸದ ಕಡೆ ಇನ್ನೊಂದು ಬಂದು ಕೂತಿತು.

"ಹೊಸದಾ? ಚೆನ್ನಾಗಿದೆಯಲ್ಲಪ್ಪಾ" ಎಂದರು ಮೇಷ್ಟ್ರು. "ಯಾರೋ ಅವಸರದಲ್ಲಿ ಮೆಟ್ಟಿಲು ಇಳೀತಾ ಇದ್ದು, ಏನೋ ನೆನಪಾಗಿ ನಡುವೆ ನಿಂತ ಹಾಗಿದೆ."

"ನಮ್ಮೋರದ್ದಂತೂ ಅಲ್ಲ" ಎಂದಳು ಭೂಕಂಪ. "ನಮ್ಮೋರು ಇಷ್ಟು ಜಾಗ ಬಿಟ್ಟು ಉಸಿರೂ ಆಡಲ್ಲ."

ಸೈಲೆಂಟಿಗೆ ಎರಡನೇ ಸ್ವರಕ್ಕೇ ಗೊತ್ತಾಗಿತ್ತು. ನೆಲ ಬಾಯಿ ಬಿಟ್ಟು ನುಂಗಬಾರದೇ ಅಂತ ಕೆಳಗೆ ನೋಡಿದ. ಕೆಳಗೆ ಗೋಡೌನಿನಲ್ಲಿ ಹಾಸಿಗೆಗಳಿದ್ದವು, ನುಂಗಿದ್ದರೂ ಮೆತ್ತಗೇ ಬೀಳುತ್ತಿದ್ದ.

ಗುಟ್ಟು ಇಷ್ಟೇ. ಭಾವ ಗ್ರಾಫ್ ಹಾಳೆಯ ಮೇಲೆ ಹಾಡು ಬರೆಯುತ್ತಿದ್ದ, ಒಂದು ಚೌಕಕ್ಕೆ ಒಂದು ಸ್ವರ, ಒಂದು ಚುಕ್ಕಿ. ಒಂದು ಸಾಲಿಗೆ ಹದಿನಾರು ಚುಕ್ಕಿ. ಸೈಲೆಂಟು ಅವುಗಳಲ್ಲಿ ಒಂಬತ್ತೋ ಹತ್ತೋ ನುಡಿಸಿ ಉಳಿದದ್ದನ್ನು ಬಿಟ್ಟುಬಿಡುತ್ತಿದ್ದ. ಅವನ ಬಲಗೈಯ ಉಂಗುರದ ಬೆರಳು ಒಂದು ವೇಗದ ಮೇಲೆ ಏನು ಮಾಡಿದರೂ ಓಡುತ್ತಿರಲಿಲ್ಲ. ಮೊದಲ ಕಾರ್ಯಕ್ರಮದಲ್ಲೇ ಕೈ ಸೆಟೆದುಕೊಂಡಾಗ, ತಂತಿ ಮುಟ್ಟದೆ ಸುಮ್ಮನೆ ಬೆರಳಾಡಿಸಿದ್ದ; ಇಳಿದ ಮೇಲೆ ಯಾವನೋ ಬಂದು "ಏನ್ ಸ್ಪೀಡು ಗುರೂ ನಿಂದು!" ಅಂತ ತಬ್ಬಿಕೊಂಡಿದ್ದ. ಅವತ್ತು ಹೇಳಬೇಕಿತ್ತು, ಹೇಳಲಿಲ್ಲ. ವರ್ಷಗಟ್ಟಲೆ ಮನೆಯಲ್ಲಿ ಬೆರಳು ಮುರಿಯುವ ಹಾಗೆ ಪ್ರಾಕ್ಟೀಸು ಮಾಡಿದ. ಬರಲಿಲ್ಲ ಅಂದರೆ ಬರಲಿಲ್ಲ.

ಆದರೂ ಅಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆರು ವರ್ಷದ ಹಿಂದೆ ಬ್ಯಾಂಡಿನಲ್ಲಿ ಐದನೆಯವನೊಬ್ಬನಿದ್ದ, ಇನ್ನೊಂದು ಗಿಟಾರು ನುಡಿಸುವವನು. ಕನ್ನಡಕದ ಅಂಗಡಿ ಇಟ್ಟವನು, ಹಾಗಾಗಿ ಹೆಸರೂ ಕನ್ನಡಕ. ಅವನು ಒಂದು ಸಾಲಿನಲ್ಲಿ ಮೂರು ಸ್ವರ ಬಿಡುತ್ತಿದ್ದಾನೆ ಅಂತ ಭಾವನ ಕಿವಿಗೆ ಸಿಕ್ಕಿಬಿತ್ತು. ಸಿಕ್ಕಿದ್ದೇ ತಡ, ಭಾವ ಕೆಂಪು ಪೆನ್ನಿನಲ್ಲಿ ಆ ಮೂರು ಚೌಕಕ್ಕೆ ಸುತ್ತು ಹಾಕಿ, "ನಾನು ಬೆವರು ಸುರಿಸಿ ಹದಿನಾರು ನುಡಿಸ್ತೀನಿ. ನೀನು ಹದಿಮೂರು ನುಡಿಸಿ ಹದಿನಾರರ ಚಪ್ಪಾಳೆ ತಗೊಳ್ತೀಯಾ? ಇಲ್ಲಿ ಕಳ್ಳರಿಗೆ ಜಾಗ ಇಲ್ಲ" ಎಂದು ಎಲ್ಲರೆದುರೇ ಕಳಿಸಿದ. ಅವನು ಮರುಮಾತಾಡದೆ ಮೆಟ್ಟಿಲಿಳಿದು ಹೋದ. ಆರು ಏಳು ಬಿಡುವ ಸೈಲೆಂಟು ಪಕ್ಕದಲ್ಲೇ ನಿಂತಿದ್ದ, ಚಕಾರ ಎತ್ತಲಿಲ್ಲ.

ಈಗ ಭಾವ ಹಾಡು ನಿಲ್ಲಿಸಿದ. "ನಮ್ದೇ ಇದು. ಮೊದಲ್ನೇ ಆಲ್ಬಮ್ಮಿನ ಮೂರನೇ ಹಾಡು, ಬರೀ ಬೇಸು. ಆಲ್ಬಮ್ಮನ್ನ ಮತ್ತೆ ತರ್ತೀವಿ ಅಂತ ಸ್ಟುಡಿಯೋದವರಿಂದ ಒಂದೊಂದು ವಾದ್ಯನೂ ಬೇರೆ ಬೇರೆ ಮಾಡಿಸಿ ತರಿಸ್ದೆ. ಇದನ್ನ ಕೇಳಿ ಮೂರು ದಿನ ನಂಗೆ ಊಟ ಸೇರಿಲ್ಲ."

ಮುಗಿಯಿತು ಅಂದುಕೊಂಡ ಸೈಲೆಂಟು.

"ನಾನು ಹದಿನಾರು ಬರ್ದಿದ್ದೆ. ಇವನು ಹತ್ತು ನುಡಿಸಿದಾನೆ. ಯಾವ ಹತ್ತು ನೋಡ್ರಿ! ಒಂದು ಸಾಲಲ್ಲಿ ಬಿಟ್ಟಿದ್ದನ್ನ ಇನ್ನೊಂದು ಸಾಲಲ್ಲಿ ಬಿಟ್ಟಿಲ್ಲ. ನಾವು ಮೇಲೆ ಹುಚ್ಚರ ಹಾಗೆ ಓಡ್ತಾ ಇದ್ವಿ, ಇವನು ಕೆಳಗೆ ನಡ್ಕೊಂಡು ಬರ್ತಾ ಇದ್ದ. ಹನ್ನೊಂದು ವರ್ಷ! ಒಂದು ದಿನ ಬಾಯಿ ಬಿಟ್ಟು ಹೇಳಲಿಲ್ಲ, ನಾನು ಬೇರೆ ಏನೋ ಮಾಡ್ತಾ ಇದೀನಿ ಅಂತ." ಭಾವ ಲ್ಯಾಪ್‌ಟಾಪು ಮುಚ್ಚಿದ. ಬಂದು ಸೈಲೆಂಟಿನ ಹೆಗಲ ಮೇಲೆ ಕೈ ಹಾಕಿದ. "ಸ್ಪೀಡು ಸಾಕು. ಇನ್ಮೇಲೆ ನಾವು ಪ್ರೊಗ್ರೆಸಿವ್. ಹೊಸ ಆಲ್ಬಮ್ಮು ಪೂರ್ತಿ ಇವನ ದಾರೀಲಿ. ಮೊದಲ್ನೇ ಹಾಡಲ್ಲಿ ನಲವತ್ತು ಸೆಕೆಂಡು ಇವನೊಬ್ಬನೇ."

"ಪ್ರೊಗ್ರೆಸಿವ್ ಅಂದ್ರೆ ಹತ್ತು ನಿಮಿಷದ ಹಾಡು, ಅದರಲ್ಲಿ ಆರು ನಿಮಿಷ ನಾನು ಕೈ ಕಟ್ಕೊಂಡು ನಿಂತಿರಬೇಕು, ಅದೇ ತಾನೇ?" ಎಂದರು ಮೇಷ್ಟ್ರು.

"ನಿಂತ್ಕೊಂಡು ಕೇಳಿ ಮೇಷ್ಟ್ರೇ. ನಾವ್ಯಾರೂ ಇಲ್ಲೀವರೆಗೆ ಕೇಳೇ ಇಲ್ಲ."

ಭೂಕಂಪ ಕೋಲು ಬಡಿದು ಚಪ್ಪಾಳೆ ಕೊಟ್ಟಳು. ಸೈಲೆಂಟು ಹಲ್ಲು ಕಿರಿದ. ಆ ಕ್ಷಣ ಬಾಯಿ ಬಿಡಬೇಕಿತ್ತು ಅಂತ ನಿಮಗೂ ಅನ್ನಿಸುತ್ತದೆ, ಅವನಿಗೂ ಅನ್ನಿಸಿತು. ಆದರೆ ಹನ್ನೊಂದು ವರ್ಷ ಯಾರೂ ಕೇಳದ ಮನುಷ್ಯನನ್ನು ಮೊದಲ ಸಲ ಯಾರೋ ಕೇಳಿದ್ದರು. ಆ ಸುಖವನ್ನು ಒಂದೇ ಒಂದು ದಿನ ಇಟ್ಟುಕೊಳ್ಳುತ್ತೇನೆ, ನಾಳೆ ಹೇಳಿಬಿಡುತ್ತೇನೆ ಅಂದುಕೊಂಡ ಪಾಪ.

ನಾಳೆ ಅನ್ನುವುದು ಐದು ವಾರವಾಯಿತು.

ಭಾವ ಹೊಸ ಹಾಡಿನ ಹಾಳೆ ತಂದುಕೊಟ್ಟ. ಗಿಟಾರಿನ ಸಾಲಿನಲ್ಲಿ ಚುಕ್ಕಿಗಳಿದ್ದವು, ಡ್ರಮ್ಮಿನ ಸಾಲಿನಲ್ಲಿ ಚುಕ್ಕಿಗಳಿದ್ದವು. ಬೇಸಿನ ಸಾಲಿನಲ್ಲಿ ಚುಕ್ಕಿಗಳನ್ನು ತೆಳ್ಳಗೆ ಪೆನ್ಸಿಲ್ಲಿನಲ್ಲಿ ಹಾಕಿ, "ಇಷ್ಟರಲ್ಲಿ ನಿನಗೆ ಬೇಕಾದ್ದು ಇಟ್ಕೋ, ಬೇಡದ್ದು ಬಿಡು" ಎಂದಿದ್ದ. ಸೈಲೆಂಟು ಮನೆಯಲ್ಲಿ ಕೂತು ನುಡಿಸಿ ನೋಡಿದ. ಹಾಡು ನಿಧಾನ. ಉಂಗುರದ ಬೆರಳಿಗೆ ಬೇಕಾದಷ್ಟು ಪುರುಸೊತ್ತು. ಹದಿನಾರಕ್ಕೆ ಹದಿನಾರೂ ಸಲೀಸಾಗಿ ಬಂದವು, ಜೀವಮಾನದಲ್ಲಿ ಮೊದಲ ಸಲ. ಬಂದದ್ದೇ ಕಷ್ಟವಾಯಿತು. ಯಾವುದನ್ನು ಬಿಡಬೇಕು? ಅವನು ಯಾವತ್ತೂ ಆರಿಸಿ ಬಿಟ್ಟವನಲ್ಲ. ಬೆರಳು ಎಲ್ಲಿ ತೊಡರಿತೋ ಅಲ್ಲಿ ಬಿಟ್ಟದ್ದು. ಲೆಕ್ಕ ಹಾಕಿ ಎರಡಕ್ಕೊಂದು ಬಿಟ್ಟ. ಹೊಲಿಗೆ ಮೆಷಿನ್ನಿನ ಹಾಗೆ ಕೇಳಿಸಿತು. ಕಣ್ಣು ಮುಚ್ಚಿ ಬಿಟ್ಟ. ಮರೆತು ಹೋದವನ ಹಾಗೆ ಕೇಳಿಸಿತು.

ಭಾನುವಾರ ಭಾವ ತಲೆ ಓರೆ ಮಾಡಿ ಕೇಳಿ, "ಇದು ನಾನು ಬರ್ದಿದ್ದು. ನಿಂದು ಎಲ್ಲಿ?" ಎಂದ. ಮುಂದಿನ ಭಾನುವಾರವೂ ಅದೇ. ಮೂರನೆಯ ಭಾನುವಾರ ಬೈಯಲಿಲ್ಲ, ಅದು ಇನ್ನೂ ಕಷ್ಟ. "ನಾನೇ ನಿನ್ನ ತಲೆ ಮೇಲೆ ಕೂತಿದೀನೇನೋ. ನಿಧಾನಕ್ಕೆ ಬರಲಿ, ಅವಸರ ಬೇಡ" ಅಂತ ಬೆನ್ನು ಸವರಿದ. ಸ್ಟುಡಿಯೋಗೆ ದಿನ ಗೊತ್ತಾಗಿತ್ತು. ಮೇಷ್ಟ್ರು ಶಾಲೆಗೆ ರಜೆ ಬರೆದುಕೊಟ್ಟಾಗಿತ್ತು.

ಲ್ಯಾಬಿನಲ್ಲೂ ಮನಸ್ಸು ನಿಲ್ಲಲಿಲ್ಲ. ಅವನ ಕೆಲಸ ಅಂದರೆ ಪ್ಲಾಸ್ಟರಿನ ಅಚ್ಚಿನ ಮೇಲೆ ಗುಲಾಬಿ ಮೇಣದ ಒಸಡು ಕಟ್ಟಿ, ಅದರಲ್ಲಿ ಹಲ್ಲುಗಳನ್ನು ಒಂದೊಂದಾಗಿ ಬಿಸಿ ಚಾಕುವಿನಿಂದ ಕೂರಿಸುವುದು. ಒಂದು ಹಲ್ಲು ಒಂದಿಷ್ಟು ಓರೆಯಾದರೆ ಮನುಷ್ಯನ ನಗುವೇ ಬೇರೆಯಾಗುತ್ತದೆ. ಆ ವಾರ ಒಂದು ಸೆಟ್ಟಿನಲ್ಲಿ ಎಡಗಡೆಯ ಕೋರೆಹಲ್ಲನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಕೂರಿಸಿಬಿಟ್ಟಿದ್ದ. ಲ್ಯಾಬಿನ ಯಜಮಾನಿ ಅದನ್ನು ಬೆಳಕಿಗೆ ಹಿಡಿದು, "ಏನಪ್ಪಾ, ಈ ಅಜ್ಜಿ ನಕ್ಕರೆ ಮೊಮ್ಮಕ್ಕಳು ಮನೆ ಬಿಟ್ಟು ಓಡ್ಬೇಕು ಅಂತಾನಾ?" ಎಂದರು. ಮತ್ತೆ ಮೇಣ ಕರಗಿಸಿ ಹೊಸದಾಗಿ ಕೂರಿಸಿದ.

ಕೆಲಸ ಮುಗಿಸಿ ನೇರ ಅಕ್ಕನ ಮನೆಗೆ ಹೋದ. ಅಕ್ಕ ಮನೆಯಲ್ಲೇ ಪರದೆ ಹೊಲಿಯುತ್ತಿದ್ದಳು. ಕೋಣೆ ತುಂಬ ನೀಲಿ ಬಟ್ಟೆ ಹರಡಿತ್ತು, ಅವನು ಕೂರಲು ಜಾಗ ಹುಡುಕಿ ಬಟ್ಟೆಯ ಮೇಲೇ ಕೂತ.

"ಎದ್ದೇಳೋ, ಸುಕ್ಕಾಗತ್ತೆ" ಎಂದಳು. ಆಮೇಲೆ ಅವನ ಮುಖ ನೋಡಿ ಮೆಷಿನ್ನು ನಿಲ್ಲಿಸಿದಳು. "ಏನಾಯ್ತೋ ಪುಟ್ಟಾ?"

ಎಲ್ಲ ಹೇಳಿದ. ಅಕ್ಕ ಮೊದಲು ನಕ್ಕಳು. ಉಂಗುರದ ಬೆರಳು ತೋರಿಸು ಅಂತ ಹಿಡಿದು ನೋಡಿ ಇನ್ನೂ ನಕ್ಕಳು. ಕನ್ನಡಕದ ವಿಷಯ ಬಂದಾಗ ನಗು ನಿಂತಿತು.

"ಅವನು ಹೋಗ್ವಾಗ ನೀನು ಅಲ್ಲೇ ಇದ್ಯಾ?"

"ಇದ್ದೆ ಕಣಕ್ಕಾ."

"ಥೂ ನಿನ್ನ." ಬಟ್ಟೆಯ ಅಂಚನ್ನು ಉಗುರಿನಿಂದ ಗೀರಿದಳು. "ಇವರು ಪಾತ್ರೆ ತೊಳೀತಾ ಕಿವಿಗೆ ನಿನ್ನ ಆ ಬೇಸನ್ನೇ ಹಾಕ್ಕೊಂಡಿರ್ತಾರೆ. ನಿನ್ನ ತಮ್ಮ ಇಷ್ಟು ದೊಡ್ಡವನು ಅಂತ ನಂಗೆ ಗೊತ್ತೇ ಇರಲಿಲ್ಲ ಕಣೇ ಅಂತಾರೆ. ನನ್ನ ಕೈಲಿ ಹೇಳೋಕಾಗಲ್ಲ. ನೀನೇ ಹೇಳು. ಸ್ಟುಡಿಯೋಗೆ ಹೋಗೋ ಮುಂಚೆ ಹೇಳು."

"ಬ್ಯಾಂಡಿಂದ ತೆಗೀತಾರೆ."

"ತೆಗೀಲಿ. ಮನೆಯಿಂದ ತೆಗೆಯೋದಕ್ಕೆ ನಾನು ಬಿಡಲ್ಲ. ಅಷ್ಟು ಮಾತ್ರ ನನ್ನ ಕೈಲಿದೆ."

ಮರುದಿನ ಮಧ್ಯಾಹ್ನ ಭಾವ ಒಂದು ಎಂಟಂತಸ್ತಿನ ಕಟ್ಟಡದ ತಾರಸಿಯ ಮೇಲೆ, ಲಿಫ್ಟಿನ ಮೋಟಾರು ಕೋಣೆಯಲ್ಲಿದ್ದ. ಲಿಫ್ಟು ಕೆಟ್ಟಿದ್ದರಿಂದ ಸೈಲೆಂಟು ಎಂಟೂ ಅಂತಸ್ತು ಹತ್ತಿ, ಮಾತಾಡಲು ಉಸಿರೇ ಇಲ್ಲದೆ ಬಾಗಿಲಲ್ಲಿ ನಿಂತ. ಭಾವ ಮಂಡಿಯೂರಿ ಹಗ್ಗದ ಗಾಲಿಯ ಅಚ್ಚಿಗೆ ಗ್ರೀಸು ಹಚ್ಚುತ್ತಿದ್ದ. ಸೈಲೆಂಟನ್ನು ಕಂಡು ಮುಖ ಅರಳಿತು.

"ಬಂತಾ? ಸಿಕ್ತಾ ಹಾಡು?"

"ಇಲ್ಲ ಭಾವ. ಅದು ಬರಲ್ಲ. ಯಾವತ್ತೂ ಬಂದಿದ್ದೇ ಅಲ್ಲ."

ಉಸಿರು ಬಂದಂತೆಲ್ಲ ಹೇಳುತ್ತ ಹೋದ. ಬೆರಳು ಓಡಲಿಲ್ಲ, ಬಿಟ್ಟೆ. ಯಾರಿಗೂ ಕೇಳಿಸಲಿಲ್ಲ, ಬಿಡುತ್ತಲೇ ಹೋದೆ. ದಾರಿಯೂ ಇಲ್ಲ ಏನೂ ಇಲ್ಲ, ನಿಮ್ಮ ಜೊತೆ ಓಡಲಾರದೆ ಎಡವಿದ್ದು ಅಷ್ಟೇ.

ಭಾವ ಗ್ರೀಸಿನ ಡಬ್ಬಿಯ ಮುಚ್ಚಳ ಹಾಕಿ ತಿರುಗಿಸಿ ಭದ್ರ ಮಾಡಿದ. ಕೈಯನ್ನು ಹಳೆ ಬಟ್ಟೆಗೆ ಒರೆಸಿದ, ಒಂದೊಂದೇ ಬೆರಳು.

"ಎಲ್ಲ ಹಾಡಲ್ಲೂನಾ?"

"ಎಲ್ಲದರಲ್ಲೂ."

"ಸ್ಟೇಜ್ ಮೇಲೆ ನಾನು ಓಡಿ ಬಂದು ನಿನ್ನ ಪಕ್ಕ ನಿಂತು, ಇಬ್ರೂ ಒಟ್ಟಿಗೆ ನುಡಿಸ್ತಿದ್ವಲ್ಲ, ಆ ಸಾಲಲ್ಲೂನಾ?"

"ಅದರಲ್ಲೇ ಜಾಸ್ತಿ ಭಾವ."

ಭಾವನ ಮುಖ ಕಪ್ಪಿಟ್ಟಿತು. ಬೈದಿದ್ದರೆ ಸೈಲೆಂಟು ತಡೆದುಕೊಳ್ಳುತ್ತಿದ್ದ. ಭಾವನಿಗೆ ಬೈಯಲೂ ಆಗಲಿಲ್ಲ. "ನನ್ನ ಮಣಿಕಟ್ಟು ನೋಡು" ಎಂದು ಎಡಗೈ ಚಾಚಿದ. ಅದರ ಮೇಲೆ ಆಪರೇಷನ್ನಿನ ಗೆರೆಯಿತ್ತು. "ಆ ಹದಿನಾರಕ್ಕೆ ಇದನ್ನ ಕುಯ್ಯಿಸ್ಕೊಂಡಿದೀನಿ. ಪಕ್ಕದಲ್ಲಿ ನನ್ನವನೊಬ್ಬ ಅಷ್ಟೇ ಕಷ್ಟಪಡ್ತಾ ಇದಾನೆ ಅಂತ ತಿಳ್ಕೊಂಡು ನುಡಿಸ್ತಿದ್ದೆ ಕಣೋ." ಕೈ ಹಿಂದಕ್ಕೆಳೆದುಕೊಂಡು, "ಮೂರು ಸ್ವರಕ್ಕೆ ಒಬ್ಬನ್ನ ಕಳ್ಳ ಅಂದೆ. ನೀನು ಕೇಳಿಸ್ಕೊಂಡು ನಿಂತಿದ್ದೆ."

"ನಿಂತಿದ್ದೆ."

"ನಂಗೆ ಹೇಳಿದ್ದು ಸಾಲದು. ಮೊದಲು ಹೋಗಿ ಅವನಿಗೆ ಹೇಳು. ಆಮೇಲೆ ಭಾನುವಾರ ಬಾ."

"ಬಂದು?"

"ಬಂದ್ಮೇಲೆ ನೋಡೋಣ. ಈಗ ಇಳಿ, ನಂಗೆ ಕೆಲಸ ಇದೆ."

ಕನ್ನಡಕದ ಅಂಗಡಿಗೆ ಹೋಗಲು ಸೈಲೆಂಟಿಗೆ ಎರಡು ದಿನ ಧೈರ್ಯ ಬೇಕಾಯಿತು. ಅಂಗಡಿಯ ಮುಂದೆ ನಾಲ್ಕು ಸಲ ಹಾದುಹೋದ, ಐದನೆಯ ಸಲ ಒಳಗಿನಿಂದಲೇ ಕೂಗು ಬಂತು, "ಒಳಗೆ ಬಾರೋ ಮಾರಾಯ, ಕಣ್ಣು ಕಾಣ್ತಿಲ್ವಾ? ಅದಕ್ಕೂ ಇಲ್ಲೇ ಬರ್ಬೇಕು." ಕನ್ನಡಕ ದಪ್ಪಗಾಗಿದ್ದ, ತಲೆಯ ನಡುವೆ ಕೂದಲು ಹೋಗಿತ್ತು. ಕಣ್ಣು ಪರೀಕ್ಷೆಯ ಎತ್ತರದ ಕುರ್ಚಿಯ ಮೇಲೆ ಕೂರಿಸಿದ. ಅಂಗಡಿಯಲ್ಲಿ ಬೇರೆ ಗಿರಾಕಿಗಳಿರಲಿಲ್ಲ. ಆ ಕುರ್ಚಿಯ ಮೇಲೆ, ಎದುರಿಗೆ ದೊಡ್ಡದರಿಂದ ಚಿಕ್ಕದಾಗುವ ಅಕ್ಷರಗಳನ್ನು ನೋಡುತ್ತ ಸೈಲೆಂಟು ಎರಡನೆಯ ಸಲ ತನ್ನ ತಪ್ಪನ್ನು ಮೊದಲಿಂದ ಕೊನೆಯವರೆಗೆ ಹೇಳಿದ.

ಕನ್ನಡಕ ಒಂದು ಲೆನ್ಸನ್ನು ಮೆತ್ತನೆ ಬಟ್ಟೆಯಿಂದ ಒರೆಸುತ್ತ ಕೇಳಿಸಿಕೊಂಡ. ಕೇಳಿ, "ಗೊತ್ತಿತ್ತು" ಎಂದ.

"ಏನು ಗೊತ್ತಿತ್ತು?"

"ನೀನು ಬಿಡೋದು. ನಿನ್ನ ಸ್ಪೀಕರಿನ ಮುಂದೆ ನಿಲ್ತಿದ್ದವನು ನಾನೊಬ್ನೇ ತಾನೇ? ನಿನ್ನ ಭಾವ ಆ ಮೂಲೇಲಿ, ಭೂಕಂಪ ಹಿಂದೆ. ನನ್ನ ಕಿವಿಗೆ ದಿನಾ ನೀನೇ ಬೀಳ್ತಿದ್ದೆ. ಮೊದಮೊದಲು ತಪ್ಪು ಮಾಡ್ತಾನೆ ಅಂದ್ಕೊಂಡೆ. ಆಮೇಲೆ ಚೆನ್ನಾಗಿ ಕೇಳೋಕೆ ಶುರುವಾಯ್ತು." ಲೆನ್ಸನ್ನು ಕೆಳಗಿಟ್ಟ. "ನೀನು ಬಿಟ್ಟ ಕಡೆ ನಾನೂ ಬಿಟ್ಟು ನೋಡ್ದೆ, ಒಂದು ಮೂರು ಕಡೆ. ನಂಗೆ ಹದಿನಾರೂ ಬರ್ತಿತ್ತು ಕಣೋ. ನಿನ್ನ ಜೊತೆ ಇರೋಣ ಅಂತ ಬಿಟ್ಟಿದ್ದು."

ಸೈಲೆಂಟು ಅಕ್ಷರಗಳಿಂದ ಕಣ್ಣು ಕಿತ್ತು ಅವನತ್ತ ತಿರುಗಿದ. "ಅವತ್ತು ಯಾಕೆ ಹೇಳಲಿಲ್ಲ?" ಎಂದ.

"ಹೇಳಿದ್ರೆ ನಿನ್ನನ್ನೂ ಕಳಿಸ್ತಿದ್ದ. ನೀನು ಅವನ ಮನೆಯವನು ಬೇರೆ. ನಿನ್ನ ಅಕ್ಕನ ಗತಿ?" ಕನ್ನಡಕ ನಕ್ಕ, ಆದರೆ ನಗುವಿನಲ್ಲಿ ಸಂತೋಷವಿರಲಿಲ್ಲ. "ನೀನೇ ಹೇಳ್ತೀಯೇನೋ ಅಂತ ಮೆಟ್ಟಿಲ ಕೆಳಗೆ ಒಂದರ್ಧ ಗಂಟೆ ನಿಂತಿದ್ದೆ. ಅದೊಂದು ಮಾತ್ರ ನಂಗೆ ತುಂಬ ದಿನ ನೋವಾಯ್ತು, ಸುಳ್ಳು ಯಾಕೆ ಹೇಳ್ಲಿ."

ಸೈಲೆಂಟು ಕುರ್ಚಿಯ ಮೇಲೇ ಅತ್ತುಬಿಟ್ಟ. ಕನ್ನಡಕ ಲೆನ್ಸು ಒರೆಸುವ ಬಟ್ಟೆಯನ್ನೇ ಅವನ ಕೈಗಿಟ್ಟ.

"ವಾಪಸ್ ಬಾ" ಎಂದ ಸೈಲೆಂಟು.

"ಇಲ್ಲಪ್ಪ. ಆರು ವರ್ಷ ಗಿಟಾರು ಮುಟ್ಟಿಲ್ಲ. ಮುಟ್ಟೋ ಆಸೆನೂ ಹೋಯ್ತು. ಆಲ್ಬಮ್ ಬಂದಾಗ ಒಂದು ಕೊಟ್ಟು ಹೋಗು, ಕೇಳ್ತೀನಿ."

ಭಾನುವಾರ ಸೈಲೆಂಟು ತನ್ನ ಸ್ಪೀಕರು, ವೈರು ಎಲ್ಲ ಹೊತ್ತೊಯ್ಯಲು ಒಂದು ಗಾಡಿಯವನಿಗೆ ಹೇಳಿಯೇ ಗೋಡೌನಿಗೆ ಬಂದ. ಮೇಲೆ ಹೋದರೆ ಮೂವರೂ ಕೂತಿದ್ದರು. ಭಾವ ಎಲ್ಲ ಹೇಳಿಯಾಗಿತ್ತು ಅಂತ ಅವರ ಮುಖದಲ್ಲೇ ಗೊತ್ತಾಗುತ್ತಿತ್ತು. ಭೂಕಂಪ ಅವನತ್ತ ನೋಡದೆ ಡ್ರಮ್ಮಿನ ತಿರುಪು ಬಿಗಿಯುತ್ತಿದ್ದಳು.

"ಹೋಗಿದ್ಯಾ?" ಎಂದ ಭಾವ.

"ಹೋಗಿದ್ದೆ." ಕನ್ನಡಕ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದ, ಮೆಟ್ಟಿಲ ಕೆಳಗೆ ನಿಂತ ಅರ್ಧ ಗಂಟೆಯನ್ನೂ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಅದನ್ನು ಯಾರ ಅಂಗಡಿಯಲ್ಲಿ ಮಾಡಿಸಿದ್ದು ಅಂತ ನೆನಪಾಗಿ ಮತ್ತೆ ಹಾಕಿಕೊಂಡರು.

"ನನ್ನ ಬಗ್ಗೆ ಏನಾದ್ರೂ ಕೇಳಿದ್ನಾ?" ಎಂದ ಭಾವ.

"ಇಲ್ಲ ಭಾವ."

"ಕೇಳದೇ ಇದ್ದಿದ್ದೇ ಸರಿ ಬಿಡು." ಭಾವ ಎದ್ದು ಕಿಟಕಿಯ ತನಕ ಹೋಗಿ ಬಂದ. "ನಾನು ಐದು ವಾರದ ಹಿಂದೆ ಕೇಳಿದ್ದನ್ನ ಅವನು ಆರು ವರ್ಷದ ಹಿಂದೆ ಕೇಳಿದ್ದ. ಅದಕ್ಕೆ ನಾನು ಅವನನ್ನ ಹೊರಗೆ ಹಾಕ್ದೆ. ನಾಳೆ ನಾನೂ ಹೋಗ್ತೀನಿ. ಬಾಗಿಲು ಹಾಕಿದ್ರೆ ಹಾಕ್ಲಿ." ಆಮೇಲೆ ಸೈಲೆಂಟಿನ ಕಡೆ ತಿರುಗಿದ. "ನಿಂದು ಇನ್ನೂ ಹೊಟ್ಟೇಲಿದೆ ನಂಗೆ. ಇವತ್ತಿಗೆ ಹೋಗಲ್ಲ. ಅದು ಬೇರೆ. ನಿನ್ನ ಗಿಟಾರು ತಗೋ."

"ಯಾಕೆ?"

"ತಗೋ ಅಂದ್ನಲ್ಲ. ನಿನ್ನ ಸ್ಪೀಕರು ಪೂರ್ತಿ ಏರ್ಸು. ನಂದು ಇಳಿಸ್ತೀನಿ. ಭೂಕಂಪ, ಕಾಲಿಗೆ ಬಟ್ಟೆ ಕಟ್ಕೊಂಡು ಮೆತ್ತಗೆ ಹೊಡಿ. ಹೊಸ ಹಾಡು, ಹಳೇ ಸ್ಪೀಡು."

ಆಗ ಸೈಲೆಂಟಿಗೆ ಅರ್ಥವಾಯಿತು. ನಿಧಾನಕ್ಕೆ ನುಡಿಸಿದರೆ ಬಾರದ್ದನ್ನು ಭಾವ ಓಡಿಸಿ ಹಿಡಿಯಲು ಹೊರಟಿದ್ದ. ಭೂಕಂಪ ನಾಲ್ಕು ಎಣಿಸಿದಳು. ಹೊಸ ಹಾಡು ಹಳೆಯ ವೇಗದಲ್ಲಿ ಮೈಮೇಲೆ ಬಿತ್ತು. ಸೈಲೆಂಟು ಓಡಿದ. ಮೂರನೆಯ ಸಾಲಿಗೇ ಉಂಗುರದ ಬೆರಳು ತೊಡರಿತು, ಬಿಟ್ಟ, ಮತ್ತೆ ಹಿಡಿದ, ಮತ್ತೆ ಬಿಟ್ಟ. ಈ ಸಲ ಅಡಗಿಕೊಳ್ಳಲು ಯಾರ ಸದ್ದೂ ಇರಲಿಲ್ಲ. ಪ್ರತಿಯೊಂದು ತಪ್ಪೂ ಕೋಣೆಯ ನಡುವೆ ಬಂದು ನಿಲ್ಲುತ್ತಿತ್ತು. ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ಭಾವ ಗಿಟಾರನ್ನು ಮಡಿಲಲ್ಲಿಟ್ಟುಕೊಂಡು, ನುಡಿಸುವುದನ್ನು ಬಿಟ್ಟು ಗ್ರಾಫ್ ಹಾಳೆಯ ಮೇಲೆ ಬರೆಯುತ್ತಿದ್ದ. ಬಂದ ಸ್ವರಕ್ಕೆ ಶಾಯಿಯ ಚುಕ್ಕಿ. ಬಾರದ್ದಕ್ಕೆ ಖಾಲಿ.

"ಇನ್ನೊಂದ್ಸಲ."

ಒಂಬತ್ತು ಸಲ ಓಡಿಸಿದರು. ಒಂದೊಂದು ಸಲವೂ ಬೆರಳು ಬೇರೆ ಬೇರೆ ಕಡೆ ತೊಡರಿತು. ಮೇಷ್ಟ್ರು ಎದ್ದು ಬಂದು ಭಾವನ ಹೆಗಲ ಮೇಲಿಂದ ಬಗ್ಗಿ ನೋಡುತ್ತ, "ಆರನೇ ಸಲದ್ದು, ಆರನೇ ಸಲದ್ದು ಇಡು" ಎಂದು ಪಿಸುಗುಟ್ಟಿದರು. ಭೂಕಂಪ, "ಏಳನೇದರ ಎರಡನೇ ಸಾಲು ಬಿಟ್ಟರೆ ನಾನು ಸುಮ್ನಿರಲ್ಲ" ಎಂದಳು. ಮೂವರೂ ಅವನ ತಪ್ಪುಗಳಲ್ಲಿ ಯಾವುದು ಚೆಂದ ಅಂತ ಜಗಳವಾಡಿದರು. ಕೆಳಗೆ ಗಾಡಿಯವನು ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ ಹೊರಟುಹೋದ.

ಕೊನೆಗೆ ಒಂದು ಹಾಳೆ ಸಿದ್ಧವಾಯಿತು. ಭಾವ ಅದನ್ನು ಸೈಲೆಂಟಿನ ಮುಂದೆ ಕುರ್ಚಿಗೆ ಒರಗಿಸಿ ನಿಲ್ಲಿಸಿದ. "ಈಗ ನಿಧಾನಕ್ಕೆ. ಒಬ್ನೇ."

ನಲವತ್ತು ಸೆಕೆಂಡು. ಸೈಲೆಂಟು ಚುಕ್ಕಿಯಿದ್ದಲ್ಲಿ ನುಡಿಸಿದ, ಖಾಲಿಯಿದ್ದಲ್ಲಿ ಬಿಟ್ಟ. ಉಳಿದ ಮೂವರೂ ಕೈ ಕಟ್ಟಿ ಕೇಳಿದರು. ಸ್ವರಗಳು ಒಂದನ್ನೊಂದು ಕಾಯುತ್ತ ಬಂದವು. ಅದು ತಾನು ನುಡಿಸಿದ್ದೇ ಅಂತ ಸೈಲೆಂಟಿಗೆ ನಂಬಲಾಗಲಿಲ್ಲ, ಆದರೆ ಬೇರೆ ಯಾರದೂ ಆಗಿರಲಿಲ್ಲ. ಮುಗಿದಾಗ ತಲೆಯೆತ್ತಿ ನೋಡಿದರೆ ಭಾವ ಅಳುತ್ತಿದ್ದ, ಎಲ್ಲರೆದುರು, ಕಣ್ಣು ಕೂಡ ಒರೆಸಿಕೊಳ್ಳದೆ.

"ಹನ್ನೊಂದು ವರ್ಷ ಇದರ ಮೇಲೆ ಕೂಗಾಡಿದ್ದು ನಾನಲ್ವೇನೋ" ಎಂದ.

"ನೀವು ಕೂಗಾಡಿ ಅಟ್ಟಿಸ್ಕೊಂಡು ಬಂದಿದ್ದಕ್ಕೇ ಭಾವ ಇದು ಬಂದಿದ್ದು" ಎಂದ ಸೈಲೆಂಟು. "ಸುಮ್ನಿದ್ದಿದ್ರೆ ನಾನು ಹದಿನಾರೂ ನುಡಿಸಿಬಿಡ್ತಿದ್ದೆ."

ಭಾವ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡು, ಇನ್ನೊಂದು ಖಾಲಿ ಹಾಳೆ ಎಳೆದುಕೊಂಡ. "ಹಾಗಾದ್ರೆ ಎರಡನೇ ಹಾಡಿಗೂ ಓಡ್ತೀಯಾ?"

"ಓಡಿಸಿ" ಎಂದ ಸೈಲೆಂಟು.